ಸೌಹಾರ್ದದ ಭಾಷಣ ಸಾಕು, ರುಮ್ಮಾನಾರನ್ನು ನೋಡಿ

ಕೆಲವು ತಿಂಗಳ ಹಿಂದೆ ಪಕ್ಕದ ಜಿಲ್ಲೆಯ ಸಾಹಿತ್ಯ ಸಂಘಟನೆಯೊಂದರಿಂದ ಫೋನು ಬಂತು. ಎರಡು ದಿನದ ಸಮಾವೇಶವಂತೆ, ನಾನು ಬರಲೇಬೇಕಂತೆ. ಯಾವ ಗೋಷ್ಠಿ ಎಂದು ಕೇಳುವ ಮೊದಲೇ ಉತ್ತರ ನನಗೆ ಗೊತ್ತಿತ್ತು. "ಸೌಹಾರ್ದ ಪರಂಪರೆ ಸಾರ್. ಅದರ ಬಗ್ಗೆ ನಿಮಗಿಂತ ಚೆನ್ನಾಗಿ ಯಾರು ಮಾತಾಡ್ತಾರೆ?" "ಸಣ್ಣಕಥೆಯ ಗೋಷ್ಠಿಯೂ ಇದೆಯಲ್ಲ, ಅದರಲ್ಲಿ ಮಾತಾಡಬಹುದೇ?" ಎಂದೆ. ಆ ಕಡೆ ಸ್ವಲ್ಪ ಹೊತ್ತು ಮೌನ. "ಅದಕ್ಕೆ ಬೇರೆಯವರು ಒಪ್ಪಿಕೊಂಡಾಗಿದೆ ಸಾರ್" ಎಂದರು ಆ ಗೆಳೆಯರು. ಒಳ್ಳೆಯ ಮನುಷ್ಯ. ಕೋಮುವಾದದ ವಿರುದ್ಧ ಬೀದಿಗಿಳಿದು ಪೊಲೀಸರ ಲಾಠಿ ತಿಂದವರು. ಆದ್ದರಿಂದಲೇ ಆ ಉತ್ತರ ನನ್ನನ್ನು ಹೆಚ್ಚು ಚುಚ್ಚಿತು.

ಇಪ್ಪತ್ತು ವರ್ಷದಿಂದ ಕಥೆ ಬರೆಯುತ್ತಿದ್ದೇನೆ. ಕಥೆಯ ಬಗ್ಗೆ ಮಾತಾಡಿ ಎಂದು ನನ್ನನ್ನು ಕರೆದ ಸಭೆಗಳನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು. ಸೌಹಾರ್ದದ ಸಭೆಗಳಿಗೆ ಲೆಕ್ಕವಿಲ್ಲ. ಶಿಶುನಾಳ ಷರೀಫರು, ಬಾಬಾಬುಡನ್‌ಗಿರಿ, ನಮ್ಮೂರಿನ ಮೊಹರಮ್ಮಿನ ಅಲಾಯಿ ಕುಣಿತ, ಈ ಮೂರನ್ನೂ ಹದವಾಗಿ ಕಲಸಿ ನಲವತ್ತು ನಿಮಿಷ ಮಾತಾಡುವುದು ನನಗೀಗ ನಿದ್ದೆಗಣ್ಣಿನಲ್ಲೂ ಬರುತ್ತದೆ. ಜನ ಚಪ್ಪಾಳೆ ತಟ್ಟುತ್ತಾರೆ. ಶಾಲು ಹೊದಿಸುತ್ತಾರೆ. ನಾನು 'ಒಳ್ಳೆಯ ಮುಸ್ಲಿಮ' ಎಂದು ಇನ್ನೊಮ್ಮೆ ಸಾಬೀತಾಗಿ, ರಾತ್ರಿಯ ಬಸ್ಸು ಹಿಡಿದು ಮನೆಗೆ ಬರುತ್ತೇನೆ.

ಅಂದು ಫೋನು ಇಟ್ಟ ಮೇಲೆ ನನಗೆ ನೆನಪಾದವರು ರುಮ್ಮಾನಾ ಹುಸೇನ್. ಈ ಹೆಸರು ಎಷ್ಟು ಓದುಗರಿಗೆ ಗೊತ್ತಿದೆಯೋ ತಿಳಿಯದು. ಚಿತ್ರಕಲೆಯಲ್ಲಿ 'ಹುಸೇನ್' ಎಂದರೆ ನಮಗೆ ಎಂ. ಎಫ್. ಹುಸೇನ್ ಒಬ್ಬರೇ. ರುಮ್ಮಾನಾ ಹುಟ್ಟಿದ್ದು ನಮ್ಮದೇ ಬೆಂಗಳೂರಿನಲ್ಲಿ, 1952ರಲ್ಲಿ. ತೀರಿಕೊಂಡದ್ದು 1999ರಲ್ಲಿ, ಸ್ತನ ಕ್ಯಾನ್ಸರಿನಿಂದ. ಮಣ್ಣಿನ ಮಡಕೆ, ಕನ್ನಡಿ, ಕೆಮ್ಮಣ್ಣು, ನೀಲಿ, ಪಪ್ಪಾಯಿ, ತುಕ್ಕು ಹಿಡಿದ ಕಬ್ಬಿಣ, ಫೋಟೋ, ಕೊನೆಗೆ ತನ್ನದೇ ದೇಹ, ಇವನ್ನೆಲ್ಲ ಬಳಸಿ ಈ ದೇಶದ ಪೌರತ್ವದ ಪ್ರಶ್ನೆಯನ್ನು ಕಲೆಯೊಳಗೆ ತಂದವರು. ವಸ್ತುಗಳನ್ನು ಜೋಡಿಸಿಟ್ಟು ಒಂದು ಜಾಗವನ್ನೇ ಕಲಾಕೃತಿಯಾಗಿಸುವ ಇನ್‌ಸ್ಟಲೇಶನ್, ಕಲಾವಿದೆ ತಾನೇ ಕೃತಿಯಾಗಿ ಪ್ರೇಕ್ಷಕರ ಎದುರು ನಿಲ್ಲುವ ಪರ್ಫಾರ್ಮೆನ್ಸ್, ಇವೆರಡಕ್ಕೂ ಭಾರತದಲ್ಲಿ ದಾರಿ ಮಾಡಿದ ಮೊದಲಿಗರಲ್ಲಿ ಅವರೊಬ್ಬರು.

ಅವರ ಮನೆತನದ ಬಗ್ಗೆ ಒಂದು ಮಾತು ಹೇಳಬೇಕು. ತಂದೆ ಮೇಜರ್ ಜನರಲ್ ಇನಾಯತ್ ಹಬೀಬುಲ್ಲಾ ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಕಮಾಂಡೆಂಟ್ ಆಗಿದ್ದವರು. ದೇಶ ವಿಭಜನೆಯಾದಾಗ ಇಲ್ಲೇ ಉಳಿದ ಸೇನಾಧಿಕಾರಿ. ತಾಯಿ ಹಮೀದಾ ಹಬೀಬುಲ್ಲಾ ಲಕ್ನೋದ ರಾಜಕಾರಣಿ. ಉತ್ತರ ಪ್ರದೇಶದಲ್ಲಿ ಮಂತ್ರಿಯಾಗಿದ್ದರು, ರಾಜ್ಯಸಭೆಯಲ್ಲೂ ಕೂತಿದ್ದರು. ಸಹೋದರ ವಜಾಹತ್ ಹಬೀಬುಲ್ಲಾ 2005ರಲ್ಲಿ ದೇಶದ ಮೊದಲ ಮುಖ್ಯ ಮಾಹಿತಿ ಆಯುಕ್ತರಾದರು. ದೇಶಪ್ರೇಮದ ಸರ್ಟಿಫಿಕೇಟ್ ಎಂಬುದೊಂದು ನಿಜಕ್ಕೂ ಇದ್ದಿದ್ದರೆ ಈ ಮನೆಯ ಗೋಡೆಯ ತುಂಬ ಅದನ್ನೇ ತೂಗುಹಾಕಬಹುದಿತ್ತು.

1992ರ ಡಿಸೆಂಬರ್ 6ರಂದು ಬಾಬರಿ ಮಸೀದಿ ನೆಲಕ್ಕುರುಳಿತು. ಮುಂಬಯಿ ಆ ಡಿಸೆಂಬರಿನಲ್ಲೂ 1993ರ ಜನವರಿಯಲ್ಲೂ ಉರಿಯಿತು. ಶ್ರೀಕೃಷ್ಣ ಆಯೋಗದ ಲೆಕ್ಕದ ಪ್ರಕಾರ ಆ ಗಲಭೆಗಳಲ್ಲಿ ಸತ್ತವರು 900 ಜನ. ಅವರಲ್ಲಿ 575 ಮುಸ್ಲಿಮರು, 275 ಹಿಂದೂಗಳು. ಮಾರ್ಚ್ 12ರ ಸರಣಿ ಬಾಂಬುಗಳು ಮತ್ತೆ 257 ಜನರನ್ನು ಕೊಂದವು. ಆ ಚಳಿಗಾಲದಲ್ಲಿ ಬಾಗಿಲು ತಟ್ಟಿದವರು ಯಾರ ಮನೆಯ ಸರ್ಟಿಫಿಕೇಟನ್ನೂ ಓದಲಿಲ್ಲ. ಬಾಗಿಲ ಮೇಲಿನ ಹೆಸರನ್ನು ಮಾತ್ರ ಓದಿದರು. ಇಂಗ್ಲೆಂಡಿನಲ್ಲಿ ಕಲೆ ಕಲಿತು ಬಂದು, ಮುಂಬಯಿಯಲ್ಲಿ ತನ್ನ ಪಾಡಿಗೆ ಚಿತ್ರ ಬರೆಯುತ್ತಿದ್ದ ನಲವತ್ತರ ಹೆಣ್ಣುಮಗಳು ಒಂದು ತಿಂಗಳಲ್ಲಿ 'ಮುಸ್ಲಿಮ್ ಕಲಾವಿದೆ'ಯಾದರು. ಆ ಹೆಸರನ್ನು ಅವರು ಆರಿಸಿಕೊಂಡದ್ದಲ್ಲ. ಬೀದಿ ಅವರ ಹಣೆಗೆ ಅಂಟಿಸಿದ್ದು.

ಇಂಥ ಹೊತ್ತಿನಲ್ಲಿ ನಾವೆಲ್ಲ ಮಾಡುವುದೇನು? ಸಾಮಾನ್ಯವಾಗಿ ಎರಡು ದಾರಿ. ಒಂದು, ನಾನು ಅವರಂಥವನಲ್ಲ, ನಾನು ಬೇರೆ, ನನ್ನನ್ನು ನಂಬಿ ಎಂದು ಅಂಗಲಾಚುವುದು. ಇನ್ನೊಂದು, ಬಾಗಿಲು ಹಾಕಿಕೊಂಡು ನಮ್ಮ ಮೊಹಲ್ಲಾ ನಮಗೆ ಸಾಕು ಎಂದು ಕೂರುವುದು. ರುಮ್ಮಾನಾ ಎರಡನ್ನೂ ಮಾಡಲಿಲ್ಲ. ಅದುವರೆಗಿನ ಕ್ಯಾನ್ವಾಸು ಬಣ್ಣಗಳನ್ನು ಪಕ್ಕಕ್ಕಿಟ್ಟು ಮಡಕೆಗಳನ್ನು ಕೈಗೆತ್ತಿಕೊಂಡರು.

ಅಡುಗೆಮನೆಯಲ್ಲಿ ಒಂದು ಗಡಿಗೆ ಒಡೆದು ಎರಡಾಗಲಿ. ಅದರ ಅರ್ಧವನ್ನು ನೆಲದ ಮೇಲೆ ಕವುಚಿ ಇಟ್ಟು ನೋಡಿ. ಗುಂಬಜ್ ಕಾಣುತ್ತದೆ. ಅದನ್ನೇ ಅಂಗಾತ ಇಟ್ಟರೆ ಗರ್ಭದ ಆಕಾರ. 1993-94ರಲ್ಲಿ ರುಮ್ಮಾನಾ ಮಾಡಿದ ಕೃತಿಗಳ ಮೂಲ ಇಷ್ಟೇ. ಒಡೆದ ಮಣ್ಣಿನ ಪಾತ್ರೆಗಳು, ಅವುಗಳ ಚೂರುಗಳು, ಕೆಲವೆಡೆ ಅಡಿಯಲ್ಲಿ ಕನ್ನಡಿ. 1994ರ ಅವರ ಪ್ರದರ್ಶನದ ಹೆಸರು 'ಫ್ರಾಗ್ಮೆಂಟ್ಸ್/ಮಲ್ಟಿಪಲ್ಸ್', ಅಂದರೆ ಚೂರುಗಳು ಮತ್ತು ಹಲವುಗಳು. ಯಾವ ಧ್ವಜವೂ ಇಲ್ಲ, ಯಾವ ಘೋಷಣೆಯೂ ಇಲ್ಲ. ಪ್ರತಿ ಮನೆಯಲ್ಲೂ ಇರುವ, ಪ್ರತಿ ಮನೆಯಲ್ಲೂ ಒಡೆಯುವ ವಸ್ತು. ಅಯೋಧ್ಯೆಯಲ್ಲಿ ಕೆಡವಿದ್ದು ದೂರದ ಯಾವುದೋ ಹಳೆಯ ಕಟ್ಟಡವನ್ನು ಎಂದುಕೊಂಡವರ ಮನೆಯೊಳಕ್ಕೇ ಅವರು ಆ ಗುಂಬಜನ್ನು ತಂದಿಟ್ಟರು.

ಅವರು ಚೂರುಗಳಿಗೆ ಅಂಟು ಹಚ್ಚಿ ಮತ್ತೆ ಪೂರ್ತಿ ಮಡಕೆ ಮಾಡಿ ತೋರಿಸಲಿಲ್ಲ ಎಂಬುದನ್ನು ಗಮನಿಸಬೇಕು. ಸೌಹಾರ್ದದ ನಮ್ಮ ಭಾಷಣಗಳು ಮಾಡುವುದು ಅದನ್ನೇ. ಒಡಕಿನ ಮೇಲೆ ಸುಣ್ಣ ಬಳಿದು, ನೋಡಿ ನಾವೆಲ್ಲ ಒಂದೇ ಎನ್ನುತ್ತವೆ. ಒಂದೇ ಆಗಿದ್ದರೆ ಮಡಕೆ ಒಡೆದದ್ದು ಹೇಗೆ, ಒಡೆದವರು ಯಾರು, ಚೂರು ಯಾರ ಕಾಲಿಗೆ ಚುಚ್ಚಿತು ಎಂದು ಯಾರೂ ಕೇಳುವಂತಿಲ್ಲ. ಕೇಳಿದವನು ಸೌಹಾರ್ದ ಕೆಡಿಸಿದವನಾಗುತ್ತಾನೆ. ಹಾಗೆಂದು ನಾನು ಷರೀಫರನ್ನೋ ಬಾಬಾಬುಡನ್‌ರನ್ನೋ ಕಡೆಗಣಿಸುತ್ತಿಲ್ಲ. ಆ ಪರಂಪರೆ ನಿಜ, ಅದು ನನ್ನದೂ ಹೌದು. ಗಾಯ ತೋರಿಸಬೇಡ ಎಂದು ಬಾಯಿಗೆ ತುರುಕುವ ಬಟ್ಟೆಯಾಗಿ ಅದನ್ನು ಬಳಸುವುದರ ಬಗ್ಗೆ ಮಾತ್ರ ನನ್ನ ತಕರಾರು.

ಬಾಯಿಯ ಮಾತು ಬಂದದ್ದರಿಂದ ಹೇಳುತ್ತೇನೆ. 1995ರಲ್ಲಿ ಮುಂಬಯಿಯ ಎನ್‌ಸಿಪಿಎ ಅಂಗಳದಲ್ಲಿ ರುಮ್ಮಾನಾ 'ಲಿವಿಂಗ್ ಆನ್ ದ ಮಾರ್ಜಿನ್ಸ್' ಎಂಬ ಪರ್ಫಾರ್ಮೆನ್ಸ್ ಮಾಡಿದರು. ಅಂಚಿನಲ್ಲಿ ಬದುಕುವುದು ಎಂದರ್ಥ. ಕಾಲಿಗೆ ಗೆಜ್ಜೆ, ಕೈಯಲ್ಲಿ ಕೊಯ್ದ ಅರ್ಧ ಪಪ್ಪಾಯಿ. ಬಾಯಿ ಅಗಲವಾಗಿ ತೆರೆದಿದೆ, ದನಿ ಮಾತ್ರ ಇಲ್ಲ. ಹಾಗೆಯೇ ನಡೆಯುತ್ತ ಹೋಗುತ್ತಾರೆ. ನಾನು ಇದನ್ನು ಕಣ್ಣಾರೆ ನೋಡಿದವನಲ್ಲ. ಆಗ ನಾನು ಹೈಸ್ಕೂಲಿನ ಹುಡುಗ. ಬಹಳ ವರ್ಷಗಳ ನಂತರ ಫೋಟೋಗಳಲ್ಲಿ ನೋಡಿದೆ. ಆ ತೆರೆದ ಬಾಯಿಯಿಂದ ಕಣ್ಣು ಕೀಳಲಾಗಲಿಲ್ಲ. ಮಡಕೆಯ ಒಳಗಿರುವ ಕತ್ತಲೆ, ಕೊಯ್ದ ಹಣ್ಣಿನ ಹೊಟ್ಟೆಯೊಳಗಿನ ಕಪ್ಪು ಬೀಜಗಳು, ಕೂಗಲಾರದ ಬಾಯಿ, ಮೂರೂ ಒಂದೇ ಆಕಾರ. ಗಲಭೆ ಯಾರದೇ ಇರಲಿ, ಅದು ಕೊನೆಗೆ ನಡೆಯುವುದು ಹೆಣ್ಣಿನ ಮೈಮೇಲೆ ಎಂಬ ಮಾತನ್ನು ನಾನು ಎಷ್ಟೋ ಲೇಖನಗಳಲ್ಲಿ ಓದಿದ್ದೆ. ಅಂದು ಅರ್ಥವಾಯಿತು.

ಇಲ್ಲಿ ದೊಡ್ಡ ಹುಸೇನರನ್ನು ನೆನೆಯಬೇಕು. ಅವರು ಹಿಂದೂ ದೇವತೆಗಳನ್ನು ಬರೆದರು. 1970ರ ದಶಕದ ಚಿತ್ರವೊಂದನ್ನು 1996ರಲ್ಲಿ ಹಿಂದಿಯ ಪತ್ರಿಕೆಯೊಂದು ಎತ್ತಿ ತೋರಿಸಿದ ಮೇಲೆ ಅವರ ವಿರುದ್ಧ ಮೊಕದ್ದಮೆಗಳು ಶುರುವಾದವು. 2006ರಲ್ಲಿ ದೇಶ ಬಿಟ್ಟರು. 2008ರಲ್ಲಿ ದೆಹಲಿ ಹೈಕೋರ್ಟು ಪ್ರಕರಣಗಳನ್ನು ರದ್ದು ಮಾಡಿದರೂ ಅವರು ಮರಳಿ ಬರಲಾಗಲಿಲ್ಲ. 2010ರಲ್ಲಿ ಕತಾರಿನ ಪೌರತ್ವ ಪಡೆದು, 2011ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ಅವರ ಮೇಲಿದ್ದ ಆಪಾದನೆ, ನಿನ್ನದಲ್ಲದ್ದನ್ನು ನೀನೇಕೆ ಮುಟ್ಟಿದೆ ಎಂಬುದು. ಹಾಗಾದರೆ ತನ್ನದನ್ನು ಮಾತ್ರ ಮುಟ್ಟಿದರೆ? ಗುಂಬಜ್, ಮೆಹರಾಬ್, ಲೋಬಾನ, ಉರ್ದು ಅಕ್ಷರ ಎಂದು ಶುರು ಮಾಡಿದರೆ, ಇದೇನು ಯಾವಾಗಲೂ ನಿಮ್ಮವರದೇ ಗೋಳು, ಸಂಕುಚಿತರಾಗಬೇಡಿ ಎನ್ನುತ್ತಾರೆ. ಪರರದನ್ನು ಮುಟ್ಟಿದರೆ ಪ್ರಚೋದನೆ, ತನ್ನದನ್ನು ಮುಟ್ಟಿದರೆ ಕೋಮುಭಾವನೆ. ಹಾಗಿದ್ದರೆ ಮುಸ್ಲಿಮ್ ಕಲಾವಿದರು ಮುಟ್ಟಬಹುದಾದ್ದು ಏನು? ಹೂವು, ಕುದುರೆ, ಸೂರ್ಯಾಸ್ತ!

ರುಮ್ಮಾನಾ ಈ ಬಲೆಯನ್ನು ಹರಿದ ರೀತಿ ಬೇರೆ. ಕೆಮ್ಮಣ್ಣು ಯಾವ ಧರ್ಮದ್ದು? ನೀಲಿ ಯಾರದು? ಬಟ್ಟೆಗೆ ಹಾಕುವ ಆ ನೀಲಿಗಾಗಿಯೇ ಚಂಪಾರಣ್ಯದ ರೈತರು ಬಿಳಿಯರ ಕೈಯಲ್ಲಿ ನರಳಿದ್ದು ಯಾವ ಕೋಮಿನ ಚರಿತ್ರೆ? ಬಡವರ ಗೋಡೆಗೆ ಬಳಿಯುವ ಮಣ್ಣನ್ನೂ ಬಡವರ ಚರಿತ್ರೆಯ ಬಣ್ಣವನ್ನೂ ಗುಂಬಜಿನ ಚೂರಿನ ಪಕ್ಕದಲ್ಲಿಟ್ಟು, ಇದರಲ್ಲಿ ನಿನ್ನದು ಯಾವುದು, ನನ್ನದು ಯಾವುದು, ಬಿಡಿಸಿ ಹೇಳು ಎಂದು ಅವರು ನೋಡುಗನನ್ನೇ ಕೇಳಿದರು. ರಾಷ್ಟ್ರ ಎಂದರೇನು ಎಂಬ ಪ್ರಶ್ನೆಗೆ ಇದಕ್ಕಿಂತ ಪ್ರಾಮಾಣಿಕವಾದ ಉತ್ತರವನ್ನು ನಾನು ಭಾಷಣಗಳಲ್ಲಿ ಕೇಳಿಲ್ಲ. 1996ರ ಪ್ರದರ್ಶನಕ್ಕೆ ಅವರಿಟ್ಟ ಹೆಸರೇ 'ಹೋಮ್/ನೇಷನ್'. ಮನೆ ಮತ್ತು ರಾಷ್ಟ್ರ ಎಂಬ ಆ ಎರಡು ಪದಗಳ ನಡುವೆ ಅವರು ಎಳೆದಿರುವ ಓರೆಗೆರೆಯನ್ನು ನೋಡಿ. ಅದು ಎರಡನ್ನೂ ಕೂಡಿಸುವ ಹೊಲಿಗೆಯೋ ಬೇರ್ಪಡಿಸುವ ಸೀಳೋ ಎಂಬುದನ್ನು ಅವರು ತೀರ್ಮಾನಿಸದೆ ಬಿಟ್ಟರು.

ಈಗ ನನ್ನ ಸ್ವಂತ ತಪ್ಪಿನ ಮಾತು. ನಾನು ಏಳನೆಯವರೆಗೆ ಉರ್ದು ಶಾಲೆಯಲ್ಲಿ ಓದಿ, ಆಮೇಲೆ ಕನ್ನಡಕ್ಕೆ ಬಂದವನು. ಕಥೆ ಬರೆಯಲು ತೊಡಗಿದಾಗ ಕನ್ನಡದ ಓದುಗ ನನ್ನಿಂದ ಏನನ್ನು ನಿರೀಕ್ಷಿಸುತ್ತಾನೆ ಎಂಬುದು ನನಗೆ ಬಹುಬೇಗ ತಿಳಿಯಿತು. ವಿಶೇಷಾಂಕವೊಂದರ ಸಂಪಾದಕರು ನೇರವಾಗಿಯೇ ಹೇಳಿದ್ದರು: "ತಲಾಖಿನ ಕಥೆ ಇದ್ದರೆ ಕಳಿಸಿ, ಓದುಗರಿಗೆ ಒಳಗಿನ ಪ್ರಪಂಚ ಬೇಕು." ಕಳಿಸಿದೆ. ಬುರ್ಖಾದೊಳಗೆ ಅಳುವ ಹೆಂಗಸು, ಗಡ್ಡದ ಕ್ರೂರಿ ಗಂಡ, ಫತ್ವಾ ಹೊರಡಿಸುವ ಮೌಲ್ವಿ. ಬಹುಮಾನವೂ ಬಂತು. ಅಂಥ ಹೆಂಗಸು ಇಲ್ಲವೇ? ಇದ್ದಾಳೆ. ಅವಳ ಕಣ್ಣೀರು ಸುಳ್ಳಲ್ಲ. ಆದರೆ ಅವಳನ್ನು ನಾನು ಬರೆದದ್ದು ಅವಳಿಗಾಗಿ ಅಲ್ಲ, ನೋಡುವವರಿಗಾಗಿ. ಅವಳು ನಗುವುದು, ಜಗಳವಾಡುವುದು, ಚೀಟಿ ಹಾಕಿ ಹಣ ಕೂಡಿಸುವುದು, ಗಂಡನನ್ನು ಗದರುವುದು ನನ್ನ ಕಥೆಯಲ್ಲಿ ಇರಲಿಲ್ಲ. ನನ್ನ ಅಮ್ಮಿಯೇ ಆ ಕಥೆಯಲ್ಲಿ ಇರಲಿಲ್ಲ.

1998ರಲ್ಲಿ ರುಮ್ಮಾನಾ ಮಾಡಿದ ಪರ್ಫಾರ್ಮೆನ್ಸಿನ ಹೆಸರು 'ಈಸ್ ಇಟ್ ವಾಟ್ ಯು ಥಿಂಕ್?' ನೀವು ಅಂದುಕೊಂಡದ್ದು ಇದೇ ಏನು? ಪರದೆ ಹೊದ್ದು ಕೂತು, ಮುಸ್ಲಿಮ್ ಹೆಣ್ಣಿನ ಬಗ್ಗೆ ಲೋಕ ಕೇಳುವ, ಲೋಕ ಊಹಿಸುವ ಪ್ರಶ್ನೆಗಳನ್ನು ಒಂದರ ಮೇಲೊಂದು ಓದುತ್ತ ಹೋಗುತ್ತಾರೆ. ಉತ್ತರ ಕೊಡುವುದಿಲ್ಲ. ಪರದೆಯ ಜೊತೆಗೇ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯ ಗುರುತನ್ನು ಹೊತ್ತ ತನ್ನ ದೇಹವನ್ನೂ ಎದುರಿಗಿಡುತ್ತಾರೆ. ನಿಜ ಹೇಳಬೇಕೆಂದರೆ ಅದರ ವಿವರ ಓದಿದಾಗ ನನಗೂ ಕಸಿವಿಸಿಯಾಯಿತು. ನಾನೂ ಒಂದು ಮೊಹಲ್ಲಾದಲ್ಲಿ ಬೆಳೆದ ಗಂಡಸು. ಆಮೇಲೆ ಯೋಚಿಸಿದೆ: ಮುಚ್ಚಿದ ಹೆಣ್ಣನ್ನು ಕಂಡರೆ ಒಬ್ಬರಿಗೆ ಕಸಿವಿಸಿ, ತೆರೆದ ಹೆಣ್ಣನ್ನು ಕಂಡರೆ ಇನ್ನೊಬ್ಬರಿಗೆ ಕಸಿವಿಸಿ, ಎರಡರಲ್ಲೂ ಅವಳನ್ನು ಕೇಳಿದವರು ಯಾರು?

ಈ ಪ್ರಶ್ನೆ ಇಪ್ಪತ್ತನಾಲ್ಕು ವರ್ಷದ ನಂತರ ನಮ್ಮ ಕರ್ನಾಟಕದ ಕಾಲೇಜು ಗೇಟುಗಳಲ್ಲಿ ಬಂದು ನಿಂತಿತು. 2022ರ ಫೆಬ್ರುವರಿಯಲ್ಲಿ ಸರ್ಕಾರದ ಸಮವಸ್ತ್ರ ಆದೇಶ, ಮಾರ್ಚ್ 15ರಂದು ಹೈಕೋರ್ಟಿನ ತೀರ್ಪು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಭಿನ್ನ ತೀರ್ಪು. ಇವುಗಳ ನಡುವೆ ಟೀವಿ ಕ್ಯಾಮೆರಾಗಳು ಹುಡುಗಿಯರ ಹಿಂದೆ ಓಡಿದವು. ತೆಗೆಯಿರಿ ಎನ್ನುವವರು ಒಂದು ಕಡೆ, ತೆಗೆಯಬೇಡಿ ಎನ್ನುವ ನಮ್ಮ ಮುಖಂಡರು ಇನ್ನೊಂದು ಕಡೆ. ಆ ಹುಡುಗಿಯರಿಗೆ ಪರೀಕ್ಷೆ ಬರೆಯಬೇಕಿತ್ತು. ಅವರ ಓದು, ಅಂಕ, ಭವಿಷ್ಯ ಯಾರ ಚರ್ಚೆಯಲ್ಲೂ ಮೊದಲಿಗೆ ಬರಲಿಲ್ಲ. ನೀವು ಅಂದುಕೊಂಡದ್ದು ಇದೇ ಏನು ಎಂದು ಆ ಗೇಟಿನ ಎದುರು ಯಾರಾದರೂ ಕೇಳಬೇಕಿತ್ತು.

ನಮ್ಮವರ ಬಗ್ಗೆಯೂ ಒಂದು ಮಾತು, ಯಾರೂ ಬೇಸರಿಸಬಾರದು. ರುಮ್ಮಾನಾರ ಬಗ್ಗೆ ನಮ್ಮೂರಿನ ಹಿರಿಯರೊಬ್ಬರ ಬಳಿ ಹೇಳಿದಾಗ, "ಇದೆಲ್ಲ ನಮ್ಮ ಕೌಮಿಗೆ ಯಾಕೆ ಬೇಟಾ?" ಎಂದರು. ಕಲೆ ಎಂದೊಡನೆ ಹಲಾಲೋ ಹರಾಮೋ ಎಂದು ಕೇಳಿ ಕೈತೊಳೆದುಕೊಳ್ಳುವುದು ನಮಗೆ ರೂಢಿಯಾಗಿದೆ. ಅದೇ ಸಭೆಗಳಲ್ಲಿ, ಸ್ವಾತಂತ್ರ್ಯ ಹೋರಾಟಕ್ಕೆ ಮುಸ್ಲಿಮರ ಕೊಡುಗೆ ಎಂದು ಬೇಗಂ ಹಜ್ರತ್ ಮಹಲರ ಹೆಸರನ್ನು ಎದೆಯುಬ್ಬಿಸಿ ಹೇಳುತ್ತೇವೆ. ಅವಧದ ಆ ರಾಣಿ 1857ರಲ್ಲಿ ಲಕ್ನೋದಲ್ಲಿ ಬಂಡಾಯದ ಮುಂದಾಳತ್ವ ವಹಿಸಿದರು; ವಿಕ್ಟೋರಿಯಾ ರಾಣಿಯ 1858ರ ಘೋಷಣೆಗೆ ಎದುರು ಘೋಷಣೆ ಹೊರಡಿಸಿದರು; ಬ್ರಿಟಿಷರಿಗೆ ಶರಣಾಗದೆ 1879ರಲ್ಲಿ ಕಾಠ್ಮಂಡುವಿನಲ್ಲಿ ತೀರಿಕೊಂಡು ಅಲ್ಲೇ ಮಣ್ಣಾದರು. ದೇಶಕ್ಕಾಗಿ ಹೋರಾಡಿದವರ ಗೋರಿ ದೇಶದಲ್ಲಿಲ್ಲ. 1997ರಲ್ಲಿ ರುಮ್ಮಾನಾ ಆ ಬೇಗಂಗೆ ಕಲೆಯಲ್ಲಿ ಒಂದು ಗೋರಿ ಕಟ್ಟಿದರು, 'ದ ಟೂಂಬ್ ಆಫ್ ಬೇಗಂ ಹಜ್ರತ್ ಮಹಲ್'. ಪಪ್ಪಾಯಿಯ ಹೋಳುಗಳು, ತುಕ್ಕು ಹಿಡಿದ ಹತಾರಗಳು, ಧೂಪದ ವಾಸನೆ. ನಾವು ಬೇಗಮರ ಹೆಸರನ್ನು ಪಟ್ಟಿಗೆ ಸೇರಿಸಿಕೊಂಡೆವು, ಅದೂ ಸರ್ಟಿಫಿಕೇಟಿಗಾಗಿ. ಅವರಿಗಾಗಿ ದುಃಖಿಸಿದವರು ಈ ಕಲಾವಿದೆ.

ಒಂದು ಆಕ್ಷೇಪ ಬರುತ್ತದೆಂದು ಗೊತ್ತು. ಜನರಲ್‌ರ ಮಗಳು, ಗ್ಯಾಲರಿಯ ಕಲೆ, ಇಂಗ್ಲಿಷ್ ಹೆಸರಿನ ಕೃತಿಗಳು. ಬೀಡಿ ಸುತ್ತುವ ನಮ್ಮ ಹೆಂಗಸರಿಗೂ ಇದಕ್ಕೂ ಏನು ಸಂಬಂಧ? ಆಕ್ಷೇಪದಲ್ಲಿ ಹುರುಳಿದೆ. ಆ ಗ್ಯಾಲರಿಯ ಗಾಜಿನ ಬಾಗಿಲನ್ನು ನನ್ನ ಅಮ್ಮಿ ತಳ್ಳಿ ಒಳಹೋಗುತ್ತಿರಲಿಲ್ಲ. ಆದರೆ ಆ ಒಡೆದ ಮಡಕೆಯನ್ನು ಕಂಡಿದ್ದರೆ ಅದೇನೆಂದು ಅಮ್ಮಿಗೆ ಯಾವ ವಿಮರ್ಶಕನೂ ವಿವರಿಸಬೇಕಾಗಿರಲಿಲ್ಲ. ಆ ಬಾಗಿಲನ್ನು ಮುಚ್ಚಿಟ್ಟವರು ನಾವು. ಕಲೆಯನ್ನು ಊರಿಗೆ ತರದೆ, ಕಲೆ ಊರಿನದಲ್ಲ ಎಂದು ದೂರುವುದು ಯಾವ ನ್ಯಾಯ?

ಕೊನೆಯ ಕೃತಿ 'ಎ ಸ್ಪೇಸ್ ಫಾರ್ ಹೀಲಿಂಗ್', 1999ರದ್ದು. ಗುಣವಾಗಲು ಒಂದು ಜಾಗ. ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಆ ವರ್ಷ ನಡೆದ ಏಷ್ಯಾ ಪೆಸಿಫಿಕ್ ಕಲಾ ಪ್ರದರ್ಶನದಲ್ಲಿ ಅದನ್ನು ಇಡಲಾಗಿತ್ತು. ಆಸ್ಪತ್ರೆಯ ಕೋಣೆಯೂ ಹೌದು, ದರ್ಗಾದ ಒಳಗೂ ಹೌದು ಎಂಬಂಥ ಜಾಗ. ಕೆಂಪು ಗೋಡೆಯ ಮೇಲೆ ಕಬ್ಬಿಣದ ಹತಾರಗಳನ್ನು ಸಾಲಾಗಿ ಜೋಡಿಸಿದ್ದಾರೆ. ದೂರದಿಂದ ನೋಡಿದರೆ ಉರ್ದು ಬರಹದಂತೆ ಕಾಣುತ್ತದೆ. ಹಲಗೆಯ ಮೇಲೆ ಅಲಿಫ್ ಬೇ ತಿದ್ದಿದವನು ನಾನು. ಫೋಟೋದಲ್ಲಿ ಅದನ್ನು ಕಂಡಾಗ ಬಲದಿಂದ ಎಡಕ್ಕೆ ಕಣ್ಣು ತಾನಾಗಿ ಓಡಿತು. ಓದಲಾಗಲಿಲ್ಲ. ಅದು ಅಕ್ಷರವಲ್ಲ, ಬಳಸಿ ಸವೆದ ಕಬ್ಬಿಣ. ನಮ್ಮ ಮಕ್ಕಳಿಗೆ ಉರ್ದು ಇಂದು ಹೀಗೇ ಕಾಣುತ್ತಿರಬೇಕು ಎಂದು ಸಂಕಟವಾಯಿತು. ಸಾವಿನ ಹೊಸ್ತಿಲಲ್ಲಿದ್ದ ಹೆಣ್ಣುಮಗಳು ತನ್ನ ಗಾಯವನ್ನೂ ದೇಶದ ಗಾಯವನ್ನೂ ಒಂದೇ ಕೋಣೆಯಲ್ಲಿ ಮಲಗಿಸಿದ್ದರು. ಗುಣವಾಯಿತು ಎಂದು ಹೇಳಲಿಲ್ಲ. ಜಾಗ ಮಾಡಿಕೊಟ್ಟರು, ಅಷ್ಟೆ.

ಆಮೇಲೆ ಏನೇನಾಯಿತೆಂದು ಎಲ್ಲರಿಗೂ ಗೊತ್ತು. 2019ರ ನವೆಂಬರ್ 9ರಂದು ಸುಪ್ರೀಂ ಕೋರ್ಟು ಮಸೀದಿ ಕೆಡವಿದ್ದು ಕಾನೂನಿನ ಆಳ್ವಿಕೆಯ ಘೋರ ಉಲ್ಲಂಘನೆ ಎಂದಿತು. ಜಾಗವನ್ನು ಮಂದಿರಕ್ಕೆ ಕೊಟ್ಟಿತು. 2020ರ ಸೆಪ್ಟೆಂಬರ್ 30ರಂದು ಲಕ್ನೋದ ವಿಶೇಷ ನ್ಯಾಯಾಲಯ ಧ್ವಂಸ ಪ್ರಕರಣದ 32 ಆರೋಪಿಗಳನ್ನೂ ಖುಲಾಸೆ ಮಾಡಿತು. 2024ರ ಜನವರಿ 22ರಂದು ಮಂದಿರದಲ್ಲಿ ಪ್ರಾಣಪ್ರತಿಷ್ಠೆ ನಡೆಯಿತು. ಮುಗಿಯಿತಲ್ಲ, ಮರೆತುಬಿಡಿ ಎಂದು ಈಗ ನಮಗೆ ಉಪದೇಶ ಮಾಡುತ್ತಾರೆ. ಉಲ್ಲಂಘನೆ ನಡೆದಿದೆ, ಉಲ್ಲಂಘಿಸಿದವರು ಯಾರೂ ಇಲ್ಲ. ಮಡಕೆ ಒಡೆದಿದೆ, ಒಡೆದವರಿಲ್ಲ. ಇಂಥ ಹೊತ್ತಿನಲ್ಲಿ ಚೂರನ್ನು ಜೋಪಾನವಾಗಿ ಎತ್ತಿಟ್ಟುಕೊಂಡ ಕಲಾವಿದೆಯೇ ಉಳಿದಿರುವ ಸಾಕ್ಷಿ. ಸಾಕ್ಷಿ ಹೇಳುವುದು ದ್ವೇಷ ಸಾಧಿಸುವುದಲ್ಲ. ರುಮ್ಮಾನಾರ ಯಾವ ಕೃತಿಯಲ್ಲೂ ನಾನು ದ್ವೇಷ ಕಂಡಿಲ್ಲ.

ಅವರ 1998ರ ಕೃತಿಯೊಂದರ ಹೆಸರು 'ಇನ್ ಆರ್ಡರ್ ಟು ಜಾಯಿನ್', ಅಂದರೆ ಕೂಡಿಸುವ ಸಲುವಾಗಿ. ಅದೇ ಹೆಸರಿನಲ್ಲಿ ಅವರ ಕಾಲದ ಹಲವು ಕಲಾವಿದೆಯರ ಪ್ರದರ್ಶನವೊಂದು ಜರ್ಮನಿಯಲ್ಲಿ ನಡೆದು 2015ರಲ್ಲಿ ಮುಂಬಯಿಗೂ ಬಂತು. ಅವರು ಹುಟ್ಟಿದ ಬೆಂಗಳೂರಿಗೆ ಅವರ ಕೃತಿಗಳು ಬರುವುದು ಯಾವಾಗ? 2009ರಿಂದ ಅಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇದೆ, ಅದಕ್ಕೂ ಎಷ್ಟೋ ಮೊದಲಿನಿಂದ ಚಿತ್ರಕಲಾ ಪರಿಷತ್ತು ಇದೆ. ಕಲಾ ಶಾಲೆಗಳ ನಮ್ಮ ಮಕ್ಕಳಿಗೆ ಇವರ ಬಗ್ಗೆ ಕನ್ನಡದಲ್ಲಿ ಒಂದು ಪಾಠವಾದರೂ ಬೇಡವೇ?

ಆ ಸಮಾವೇಶಕ್ಕೆ ನಾನು ಹೋಗಲಿಲ್ಲ. ಮರುದಿನ ಗೆಳೆಯರಿಗೆ ಫೋನು ಮಾಡಿ ಹೇಳಿದೆ: ಮುಂದಿನ ಸಲ ನನ್ನನ್ನು ಕಥೆಯ ಗೋಷ್ಠಿಗೆ ಕರೆಯಿರಿ, ಕೆಟ್ಟದಾಗಿ ಮಾತಾಡಿದರೆ ಬೈಯಿರಿ. ಸೌಹಾರ್ದದ ಗೋಷ್ಠಿಗೆ ನಿಮ್ಮವರನ್ನೇ ಒಬ್ಬರನ್ನು ನಿಲ್ಲಿಸಿ; ಒಡೆದದ್ದು ನಮ್ಮಿಬ್ಬರ ಮಡಕೆ, ಯಾವಾಗಲೂ ನಾನೊಬ್ಬನೇ ಯಾಕೆ ಚೂರು ಆಯಬೇಕು? ಅವರು ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಆ ಕಲಾವಿದೆಯ ಹೆಸರು ಇನ್ನೊಂದು ಸಲ ಹೇಳಿ, ಬರೆದುಕೊಳ್ತೀನಿ" ಎಂದರು.